ಸೋಗು ತೆಗೆದು ಕೂಗು

ಎಡಗಿವಿಯ ಮುಂದೆ, ದವಡೆಯ ಎಲುಬು ಶುರುವಾಗುವ ಜಾಗದಲ್ಲಿ, ಕಾಕಾನಿಗೆ ಎಂಟಾಣೆ ನಾಣ್ಯದಷ್ಟು ದುಂಡಗಿನ ಒಂದು ಜಡ್ಡು ಇತ್ತು. ಹುಟ್ಟಿನಿಂದ ಬಂದ ಮಚ್ಚೆಯಲ್ಲ, ಗಾಯದ ಕಲೆಯೂ ಅಲ್ಲ. ನಲವತ್ತು ವರ್ಷ ಪಂಪ್‌ಸೆಟ್ಟಿನ ಮೋಟರುಗಳ ಎದೆಗೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಅದರ ಕಟ್ಟಿಗೆಯ ಹಿಡಿಕೆಯನ್ನು ಅಲ್ಲಿ ಒತ್ತಿಕೊಂಡು, ಒಳಗಿನ ಸದ್ದು ಕೇಳಿ ಕೇಳಿ ಬಿದ್ದ ಜಡ್ಡು. ಡಾಕ್ಟರುಗಳು ಕೇಳುವ ನಳಿಕೆಯನ್ನು ಕೊರಳಿಗೆ ಹಾಕಿಕೊಂಡು ಮೆರೆಯುತ್ತಾರೆ. ಕಾಕಾ ಅದರ ಗುರುತನ್ನು ಮುಖದ ಮೇಲೆಯೇ ಹೊತ್ತುಕೊಂಡು ಓಡಾಡುತ್ತಿದ್ದರು. ಏನಾದರೂ ಯೋಚನೆ ಬಂದರೆ ಬೇರೆಯವರು ಗಡ್ಡ ಕೆರೆಯುವ ಹಾಗೆ ಅವರು ಆ ಜಡ್ಡನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು.

ಊರವರು ಅವರನ್ನು ವೈಂಡಿಂಗ್ ಕಾಕಾ ಎನ್ನುತ್ತಿದ್ದರು. ಸುಟ್ಟ ಮೋಟರಿನ ಕರಕಲು ತಂತಿ ಕಿತ್ತು ಹೊಸ ತಾಮ್ರ ಸುತ್ತಿಕೊಡುವುದು ಅವರ ಕಸುಬು. ಕೃಷ್ಣೆಯ ಆಚೆ ದಂಡೆಗೆ, ರಾಯಬಾಗ ತಾಲೂಕಿನ ಬದಿಗೆ, ಕಬ್ಬಿನ ನಡುವಿನ ತೋಟದಲ್ಲಿ ಅವರ ಮನೆ. ನಾನು ಈಚೆ ದಂಡೆಯ ಅಥಣಿ ತಾಲೂಕಿನವನು. ನಡುವೆ ನದಿ, ನದಿಯ ಮೇಲೆ ಪಂಚಾಯಿತಿಯ ಬೋಟು, ಬೋಟಿಗೆ ನಾನು ಡ್ರೈವರು. ಡ್ರೈವರು ಅಂದರೆ ಹುಬ್ಬೇರಿಸಬೇಡಿ, ದಿನಗೂಲಿ. ಮಳೆಗಾಲ ಬಂದರೆ ನನ್ನ ನೆನಪು ಎಲ್ಲರಿಗೂ ಬರುತ್ತಿತ್ತು, ಬೇಸಿಗೆಯಲ್ಲಿ ನಮ್ಮ ಮನೆಯವರಿಗೂ ಬರುತ್ತಿರಲಿಲ್ಲ.

ನನ್ನದೇ ಒಂದು ಕಸುಬೂ ಇತ್ತು. ಕಂಡಕಂಡವರ ಧ್ವನಿ ತೆಗೆಯುವುದು. ಅಧ್ಯಕ್ಷರು ಭಾಷಣಕ್ಕೆ ಮುಂಚೆ ಕೆಮ್ಮುವುದು, ಹೆಡ್‌ಮಾಸ್ತರರು ಮೂಗಿನಲ್ಲಿ ಹಾಜರಿ ಕರೆಯುವುದು, ಕರು ಕಳೆದುಕೊಂಡ ಎಮ್ಮೆ, ನೆಗಡಿಯಾದ ಹುಂಜ, ಎಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದವು. ಊರು ನನಗೆ ಟೇಪ್ ಎಂದು ಹೆಸರಿಟ್ಟಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ನಪಾಸಾದದ್ದನ್ನು ಮಾತ್ರ ಯಾರ ನಕಲೂ ಮಾಡದೆ, ಸ್ವಂತ ಪ್ರತಿಭೆಯಿಂದ ಸಾಧಿಸಿದೆ.

ಕಾಕಾನ ನಕಲನ್ನೂ ಅವರೆದುರಿಗೇ ಮಾಡಿದ್ದುಂಟು. ಮಾತಿಗೆ ಮುಂಚೆ ಉಗುಳು ನುಂಗುವುದು, ‘ಥಾಂಬ ಥಾಂಬ’ ಎಂದು ಮರಾಠಿಯಲ್ಲಿ ಎಲ್ಲರನ್ನೂ ನಿಲ್ಲಿಸುವುದು, ಆಮೇಲೆ ‘ಹಂಗಾದ್ರ...’ ಎಂದು ಸಾವಕಾಶವಾಗಿ ಶುರು ಮಾಡುವುದು. ದಂಡೆಯ ಮೇಲೆ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಕಾಕಾ ಜಡ್ಡು ಸವರುತ್ತ ಪೂರಾ ಕೇಳಿದರು.

“ನಾ ಇಷ್ಟ ಶಾಣ್ಯಾ ಇಲ್ಲಲೇ ಟೇಪ. ನೀ ಸ್ವಲ್ಪ ಸೇರ್ಸಿ ಮಾಡಾಕತ್ತಿ.”

“ಸೇರ್ಸಿದ್ರಽ ಮಂದಿ ನಗತಾರ್ರಿ ಕಾಕಾ.”

“ನಗವಲ್ರ್ಯಾಕ. ಆದ್ರ ಎಷ್ಟ ಸೇರ್ಸೇನಿ ಅನ್ನೂದು ನಿನಗರ ಗೊತ್ತಿರಲಿ.”

ಆಗ ಆ ಮಾತಿಗೂ ನಕ್ಕೆ.

ನಮ್ಮ ಬೋಟಿನ ಮೋಟರು ಮೊದಲನೆಯ ಮಹಾಪೂರದ ಮರುವರ್ಷ ಬಂದದ್ದು. ಬೋಟಿನ ಹಿಂಬದಿಗೆ ಜೋತುಬಿದ್ದು, ನೀರಿನೊಳಗೆ ಪಂಖಾ ತಿರುಗಿಸುತ್ತದಲ್ಲ, ಆ ಜಾತಿಯದು. ಎಲ್ಲೋ ಸಮುದ್ರದ ಕಡೆ ದುಡಿದು ಹಲ್ಲುದುರಿದ ಮೇಲೆ ನಮಗೆ ದಯಪಾಲಿಸಿದ್ದರು. ಬ್ಯಾಟರಿ ಇತ್ತು, ಚಾವಿ ತಿರುವಿದರೆ ಚಾಲೂ ಆಗಬೇಕು. ಬ್ಯಾಟರಿ ಕೈಕೊಟ್ಟರೆ ಹಗ್ಗ ಸುತ್ತಿ ಎಳೆಯಲು ಮೇಲೊಂದು ಗಾಲಿಯೂ ಇತ್ತು. ಆದರೆ ಹಗ್ಗ ಸಿಕ್ಕಿಸುವ ಕಚ್ಚು ನಮ್ಮೂರಿಗೆ ಬರುವ ಮೊದಲೇ ಮುರಿದಿತ್ತು. ಹಾಗಾಗಿ ಚಾವಿಯೇ ಗತಿ. ಚಾವಿ ತಿರುವಿದಾಗ ಅದು ಚಾಲೂ ಆಗುವುದು ಬಿಡುವುದು ಅದರ ಮರ್ಜಿ.

ಅಂಥ ಮೋಟರನ್ನು ಜಿಲ್ಲೆಯಲ್ಲಿ ಯಾರೂ ಬಿಚ್ಚಿರಲಿಲ್ಲ. ನಿಪ್ಪಾಣಿಯಿಂದ ಬಂದ ಒಬ್ಬ ಮಿಸ್ತ್ರಿ ಮುಚ್ಚಳ ತೆಗೆದು, ಒಳಗೆ ನೋಡಿ, ಮುಚ್ಚಳ ಹಾಕಿ, ಚಹಾ ಕುಡಿದು ಹೋದ. ಕಾಕಾ ಮಾತ್ರ ಎರಡು ದಿನ ಅದರೆದುರು ಕೂತರು. ಸ್ಕ್ರೂಡ್ರೈವರು ಕಿವಿಗೆ ಒತ್ತಿದರು, ತಂತಿಗಳನ್ನು ಬೆರಳಿನಿಂದ ಹಿಂಬಾಲಿಸಿದರು. ಮೂರನೆಯ ದಿನ ತೀರ್ಪು ಕೊಟ್ಟರು: “ಏನಿಲ್ಲೋ. ಇದು ಟ್ರ್ಯಾಕ್ಟರನ ತಂಗಿ. ನೀರಾಗ ಕೊಟ್ಟಾರ, ಅದಕ ಅಳಾಕತ್ತೈತಿ.”

ಅಂದಿನಿಂದ ಅದು ಅವರ ಮನೆಮಗಳಾಯಿತು. ಅವರ ಅಂಗಿಯ ಜೇಬಿನಲ್ಲಿ ಟ್ರ್ಯಾಕ್ಟರಿನ ಇಂಡಿಕೇಟರ್ ಬಲ್ಬು ಒಂದು, ಅದಕ್ಕೆ ಬೆಸುಗೆ ಹಾಕಿದ ಎರಡು ತುಂಡು ವಾಯರು, ಸದಾ ಇರುತ್ತಿದ್ದವು. ಅದನ್ನು ಅವರು ಸಾಕ್ಷಿ ಎನ್ನುತ್ತಿದ್ದರು. ನನಗೂ ಅಂಥದೊಂದು ಮಾಡಿಕೊಟ್ಟಿದ್ದರು. “ಊಹಾ ಮಾಡಬ್ಯಾಡ. ಬ್ಯಾಟರಿಯಿಂದ ಹಿಡದ ಒಂದೊಂದ ಜಾಗಾಕ್ಕ ಸಾಕ್ಷಿ ಹಚ್ಚಕೋತ ಹೋಗು. ಕರೆಂಟ ಎಲ್ಲಿ ತನಕಾ ಬಂದೈತಿ, ಎಲ್ಲಿ ನಿಂತೈತಿ, ಅದಽ ಹೇಳತೈತಿ.” ಇನ್ನೊಂದು ಮಾತನ್ನು ಎಲ್ಲ ರಿಪೇರಿಯ ಕೊನೆಗೂ ಹೇಳುತ್ತಿದ್ದರು, ಮಂಗಳಾರತಿಯ ಹಾಗೆ: “ಹೋಗೂ ಹಾದಿ ಎಲ್ಲಾರೂ ನೋಡತಾರ. ಬರೂ ಹಾದಿ ನೋಡಲೇ. ಹ್ವಾದ ಕರೆಂಟ ಮರಳಿ ಮನಿಗಿ ಬರಬೇಕು. ಬರೂ ಹಾದಿ ಕಡದ್ರ ಹೋಗೂ ಹಾದಿನೂ ಸತ್ತಂಗ.”

ತೊಂದರೆ ಏನೆಂದರೆ ಬೋಟು ರಾತ್ರಿ ಉಳಿಯುತ್ತಿದ್ದದ್ದು ಈಚೆ ದಂಡೆಗೆ, ಕಾಕಾ ಇದ್ದದ್ದು ಆಚೆ ದಂಡೆಗೆ. ಬೋಟು ಚಾಲೂ ಆಗದಿದ್ದರೆ ಅವರನ್ನು ಕರೆತರಲು ಬೋಟೇ ಬೇಕು. ಮೊಬೈಲು ಬಂದ ಮೇಲೆ ಒಂದು ದಾರಿ ಸಿಕ್ಕಿತು. ಮೊದಲ ಸಲ ನಾನು ಫೋನನ್ನು ಮೋಟರಿನ ಹತ್ತಿರ ಹಿಡಿದು ಚಾವಿ ತಿರುವಿದೆ. ಆಚೆಯಿಂದ ಬೈಗುಳ ಬಂತು.

“ಬರೇ ಗಾಳಿ ಕೇಳಾಕತ್ತೈತಿ. ಹೆಂಗೂ ಎಮ್ಮಿ ಹಂಗ ಒದರತಿ, ಮೋಟರ್ ಹಂಗೂ ಒದರಿ ತೋರ್ಸು.”

ಒದರಿದೆ. ಟರ್‌ಟರ್‌ಟರ್‌ಟರ್, ಮಳೆಗಾಲದ ಕಪ್ಪೆಯ ಹಾಗೆ. “ಬ್ಯಾಟರಿ ಸೋತೈತಿ. ಇಲ್ಲಾ ವಾಯರ ಕಚ್ಚೂ ಅದರ ಕೊಂಬ ಸಡಲ ಆಗೈತಿ, ಬಿಗಿ ಮಾಡು,” ಅಂದರು. ಬಿಗಿ ಮಾಡಿದೆ. ಚಾಲೂ ಆಯಿತು. ದಂಡೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ನನ್ನ ಜನ್ಮದಲ್ಲಿ ನನ್ನ ನಕಲಿನಿಂದ ಏನಾದರೊಂದು ಮುಂದಕ್ಕೆ ಚಲಿಸಿದ್ದು ಅದೇ ಮೊದಲು.

ಆಮೇಲೆ ಅದೇ ಪದ್ಧತಿಯಾಯಿತು. ಮೋಟರಿನ ಒಂದೊಂದು ಕೂಗಿಗೂ ಒಂದೊಂದು ರೋಗ. ಟರ್‌ಟರ್ ಎಂದರೆ ಬ್ಯಾಟರಿಯ ನಿಶ್ಶಕ್ತಿ. ಗುಂಯ್ ಎಂದು ಖಾಲಿ ತಿರುಗಿದರೆ ಸ್ಟಾರ್ಟರಿನ ಹಲ್ಲು ಕಚ್ಚುತ್ತಿಲ್ಲ. ಗಟ್ಟಿಯಾಗಿ ಒಂದೇ ಒಂದು ಟಕ್ ಎಂದು ಸುಮ್ಮನಾದರೆ, ಚಾವಿಯ ಅಪ್ಪಣೆ ಮುಟ್ಟಿದೆ, ಆದರೆ ಮೋಟರು ತಿರುಗಿಸುವ ದೊಡ್ಡ ಕರೆಂಟು ಎಲ್ಲೋ ದಾರಿಯಲ್ಲಿ ಸಿಕ್ಕಿಕೊಂಡಿದೆ. ಒಂದು ದಿನ ಮದುವೆಯ ದಿಬ್ಬಣ ತುಂಬಿಕೊಂಡು ನಿಂತಾಗ ಮೋಟರು ಪೂರಾ ಮೂಕವಾಯಿತು. ಫೋನು ಹಚ್ಚಿದೆ.

“ಕೂಗು.”

ನಾನು ಸುಮ್ಮನೆ ನಿಂತೆ.

“ಲೇ, ಕೂಗಲೇ!”

“ಕೂಗಾಕತ್ತೇನ್ರಿ ಕಾಕಾ. ಅದು ಹಿಂಗಽ ಐತ್ರಿ.”

ಕಾಕಾ ನಕ್ಕ ನಗೆಗೆ ಫೋನು ಗರಗರ ಅಂದಿತು. ನಕ್ಕು ಮುಗಿಸಿ, “ಗೇರ್ ಬಿದ್ದೈತೇನ ನೋಡು. ಗೇರಿನಾಗ ಇದ್ರ ಅದು ಬಾಯಿ ಬಿಡಾಂಗಿಲ್ಲ,” ಎಂದರು. ಹೌದು, ಬೀಗರ ಬುತ್ತಿಯ ಗಂಟು ಗೇರಿನ ಹಿಡಿಕೆಯ ಮೇಲೆ ಕೂತಿತ್ತು. ಬುತ್ತಿ ಇಳಿಸಿದೆ, ಮೋಟರು ಎದ್ದಿತು.

ಆ ವರ್ಷಗಳು ಕಾಕಾನ ಪಾಲಿಗೆ ಇಳಿಜಾರಿನವು. ಮೋಟರು ಸುಟ್ಟರೆ ಜನ ಸುತ್ತಿಸುವುದನ್ನು ಬಿಟ್ಟು ಹೊಸದನ್ನೇ ತರತೊಡಗಿದರು. ಅವರ ಅಂಗಡಿಯಲ್ಲಿ ತಾಮ್ರದ ಸುರುಳಿಗಳಿಗೆ ಜೇಡ ತನ್ನ ವೈಂಡಿಂಗ್ ಮಾಡಿತು. ಕೊನೆಗೆ ಕಾಕಾನ ಕಿಡ್ನಿಗಳೂ ಕೆಲಸ ನಿಲ್ಲಿಸಿದವು. ವಾರಕ್ಕೆ ಎರಡು ಸಲ ಮಿರಜಕ್ಕೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಹೋಗುವುದೂ ಬರುವುದೂ ನನ್ನ ಬೋಟಿನಲ್ಲೇ, ಕಾಕಿಯ ಜೊತೆ. “ನಾ ಊರ ಮೋಟರೆಲ್ಲಾ ತೊಳದೆ. ಈಗ ನನ್ನ ತೊಳ್ಯಾಕತ್ತಾರ,” ಎನ್ನುತ್ತಿದ್ದರು. ಕಾಕಿ, “ಬಾಯಿ ಒಂದ ತೊಳ್ಯಾಕ ಹೇಳ್ರಿ ಅವರಿಗಿ,” ಎನ್ನುತ್ತಿದ್ದಳು.

ಬರುವಾಗ ಅವರಿಗೆ ಕಣ್ಣು ತೆರೆಯುವಷ್ಟೂ ತ್ರಾಣ ಇರುತ್ತಿರಲಿಲ್ಲ. ಆದರೂ ಹಿಂದೆ ಮೋಟರಿನ ಪಕ್ಕದಲ್ಲೇ ಕೂತು ಜಡ್ಡಿನ ಕಡೆಯ ಕೆನ್ನೆಯನ್ನು ಬೋಟಿನ ಅಂಚಿಗೆ ಆನಿಸುತ್ತಿದ್ದರು.

ಎರಡನೆಯ ಮಹಾಪೂರದ ವರ್ಷ, ಬೇಸಿಗೆಯ ಕೊನೆಗೆ, ಮಳೆಗಾಲದ ತಯಾರಿ ನೋಡಲು ದೊಡ್ಡ ಸಾಹೇಬರು ಬರುತ್ತಾರೆಂದು ಪಂಚಾಯಿತಿಯಿಂದ ನನಗೆ ಒಂದು ಡಬ್ಬಿ ಬೆಳ್ಳಿಬಣ್ಣ ಕೊಟ್ಟರು. ಬೋಟಿಗೆ ಬಳಿ, ಮೋಟರಿಗೂ ಬಳಿ. ನಾನು ಯಾವ ಕೆಲಸವನ್ನೂ ಮನಸ್ಸಿಟ್ಟು ಮಾಡಿದವನಲ್ಲ. ಹಾಳಾದ್ದು, ಇದನ್ನು ಮಾಡಿದೆ. ಮುಚ್ಚಳ ತೆಗೆದು ಒಳಗೂ ಬಳಿದೆ. ವಾಯರುಗಳು ಅಡ್ಡ ಬಂದಲ್ಲಿ ಬೋಲ್ಟು ಬಿಚ್ಚಿ, ಕೆಳಗಿನ ಜಾಗಕ್ಕೂ ಎರಡು ಕೈ ಬಳಿದು, ಒಣಗಿದ ಮೇಲೆ ವಾಯರು ಕೂರಿಸಿ ಬಿಗಿ ಮಾಡಿದೆ. ಸಾಹೇಬರು ಬಂದರು, “ಭಾರೀ ಮೇಂಟೇನ್ ಮಾಡೀರಿ” ಎಂದರು. ಅವರು ಹಾಗೆಂದದ್ದನ್ನು ಅವರದೇ ಧ್ವನಿಯಲ್ಲಿ ಒಂದು ತಿಂಗಳು ಊರಿಗೆಲ್ಲ ಹೇಳಿದೆ.

ಆ ವಾರ ಮಿರಜದಿಂದ ಬರುತ್ತ ಕಾಕಾ ಕಣ್ಣು ಮುಚ್ಚಿಯೇ ಮೂಗು ಏರಿಸಿದರು. “ಬಣ್ಣದ ವಾಸನಿ ಬರಾಕತ್ತೈತಿ.”

“ಹೌದ್ರಿ ಕಾಕಾ. ಬೆಳ್ಳಿಬಣ್ಣ ಬಳದೇನ್ರಿ. ನಿಮ್ಮ ಮಗಳು ಮದಿಮಗಳಾಗ್ಯಾಳ ನೋಡ್ರಿ.”

“ಚಂದ ಕಾಣಿಸಾಕತ್ತಿರಬೇಕು,” ಎಂದರು, ಕಣ್ಣು ತೆರೆಯಲಿಲ್ಲ. ತೆರೆದಿದ್ದರೆ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು. ಅದು ಯಾವುದೆಂದು ನನಗೆ ಈಗ ಗೊತ್ತು.

ಶ್ರಾವಣದಲ್ಲಿ ನದಿ ಏರಿತು. ದೂರದ ಸುತ್ತುದಾರಿಯ ಸೇತುವೆಯೂ ಮುಳುಗಿತು, ಆಚೆ ದಂಡೆಯ ತೋಟಗಳ ಸುತ್ತ ನೀರು ತಿರುಗಿ ಕಾಕಾನ ಮನೆ ನಡುಗಡ್ಡೆಯಾಯಿತು. ಸರಕಾರದ ದೊಡ್ಡ ಬೋಟುಗಳು ಕೆಳಗಿನ ಊರುಗಳಿಗೆ ಹೋಗಿದ್ದವು. ನದಿಯ ಸೆಳವಿಗೆ ನಮ್ಮ ಬೋಟು ಬಿಡಬೇಡ ಎಂದು ಪಂಚಾಯಿತಿಯವರು ನಾಲ್ಕು ದಿನ ನನ್ನನ್ನು ತಡೆದಿದ್ದರು. ಆ ನಾಲ್ಕು ದಿನದಲ್ಲಿ ಕಾಕಾನ ಮಿರಜದ ಎರಡು ಪಾಳಿ ತಪ್ಪಿದವು. ಐದನೆಯ ದಿನ ಮುಂಜಾನೆ ಸೆಳವು ತುಸು ಇಳಿದು ಅಪ್ಪಣೆ ಸಿಕ್ಕಿತು. ಈಚೆ ದಂಡೆಗೆ ಜೀಪು ತಯಾರು ನಿಲ್ಲಿಸಿ, ಬೋಟು ಏರಿ, ಚಾವಿ ತಿರುವಿದೆ.

ಟಕ್.

ಮತ್ತೆ ತಿರುವಿದೆ. ಮತ್ತೆ ಟಕ್. ಅಷ್ಟೆ.

ಫೋನು ಹಚ್ಚಿದೆ. ಎತ್ತಿದ್ದು ಕಾಕಿ. “ಮೈಯೆಲ್ಲಾ ಬಾತೈತೋ ಯಪ್ಪಾ. ದಮ್ಮ ಹತ್ತೈತಿ. ಹಿಡೀತೇನಿ, ಮಾತಾಡು,” ಎಂದು ಫೋನನ್ನು ಅವರ ಕಿವಿಗೆ ಹಿಡಿದಳು. ಉಸಿರು ಕೇಳಿತು, ಗರಗಸದಿಂದ ಹಸಿ ಕಟ್ಟಿಗೆ ಕೊಯ್ದ ಹಾಗೆ. ಅಂಥ ಸದ್ದು ಅವರಿಂದ ನಾನು ಕೇಳಿರಲಿಲ್ಲ.

“ಚಾಲೂ ಆಗವಲ್ತೇನ?” ಎಂದರು. “ಕೂಗು.”

ಇಲ್ಲಿ ನಾನು ಮಾಡಿದ್ದನ್ನು ನೆಟ್ಟಗೆ ಬರೆಯುತ್ತೇನೆ. ಒಣಗಿದ ಒಂದು ಟಕ್ ಅನ್ನು ಆ ಉಸಿರಿನೊಳಗೆ ಹಾಕಲು ನನಗೆ ಮನಸ್ಸಾಗಲಿಲ್ಲ. ಅವರನ್ನು ಒಂದು ಸಲ ನಗಿಸಬೇಕು ಅನ್ನಿಸಿತು. ಅವರು ಯಾವಾಗಲೂ ನಗುತ್ತಿದ್ದದ್ದು ನನ್ನ ಕಪ್ಪೆಕೂಗಿಗೆ. ಅದನ್ನೇ ಕೂಗಿದೆ. ಟರ್‌ಟರ್‌ಟರ್‌ಟರ್, ಕೊನೆಗೊಂದು ಬಿಕ್ಕಳಿಕೆಯನ್ನೂ ಸೇರಿಸಿ. ದಂಡೆಯ ಮೇಲಿದ್ದ ಮಂದಿ ನಕ್ಕರು. ಆಚೆಯಿಂದ ಕಾಕಾನೂ ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವ ತನಕ ನಾನು ಕಾದೆ.

“ಬ್ಯಾಟರಿ,” ಎಂದರು. “ಟ್ರ್ಯಾಕ್ಟರದ್ದ ತಂದ ಹಾಕು.”

ಬ್ಯಾಟರಿಯೇ ಇರಬಹುದು ಎಂದು ನಾನೂ ನಂಬಿಬಿಟ್ಟೆ, ನೋಡಿ. ನನ್ನ ಸುಳ್ಳು ಅವರ ಬಾಯಿಂದ ತಿರುಗಿ ಬಂದಾಗ ನಿಜದ ಹಾಗೆ ಕೇಳಿಸಿತು. ಹತ್ತಿರದ ಟ್ರ್ಯಾಕ್ಟರು ಕೆಸರಿನಲ್ಲಿ ಅರ್ಧ ಹೂತು ನಿಂತಿತ್ತು. ಅದರ ಬ್ಯಾಟರಿ ಬಿಚ್ಚಿ, ಕಬ್ಬಿನ ಬದುವಿನ ಮೇಲೆ ಮೊಣಕಾಲು ಕೆಸರಿನಲ್ಲಿ ಇಬ್ಬರು ಹೊತ್ತು ತರುವಷ್ಟರಲ್ಲಿ ಎರಡು ತಾಸು ಹೋಯಿತು. ಜೋಡಿಸಿ ಚಾವಿ ತಿರುವಿದೆ.

ಟಕ್.

ಮತ್ತೆ ಫೋನು. ಈಗ ಕಾಕಾನ ಮಾತು ತುಂಡು ತುಂಡಾಗಿ ಬಂತು. “ಸಾಕ್ಷಿ ಹಚ್ಚು. ಬ್ಯಾಟರಿಯ ಎರಡೂ ಕೊಂಬಿಗಿ. ಹಚ್ಚಿ, ಚಾವಿ ತಿರುವು. ದೀಪ ಸಣ್ಣದಾಗತೈತೇನು?”

“ಇಲ್ರಿ ಕಾಕಾ. ಬೆಳ್ಳಗ ಉರ್ಯಾಕತ್ತೈತ್ರಿ.”

ಉಸಿರಿನ ಗರಗಸ ನಾಲ್ಕೈದು ಸಲ ಹೋಗಿ ಬಂತು.

“ಥಾಂಬ. ಬ್ಯಾಟರಿ ಗಟ್ಟಿ ಐತಿ. ಹಂಗಾದ್ರ... ಅದು ಟರ್‌ಟರ್ ಹೆಂಗ ಅಂತಲೇ?”

ನಾನು ಚಾವಿಯಿಂದ ಕೈ ತೆಗೆದೆ.

“ಲೇ ಟೇಪ. ಸೋಗ ತಗದ ಕೂಗು.”

“ಟಕ್,” ಎಂದೆ.

“ಒಂದಽ?”

“ಒಂದಽ ರೀ.”

“ಮುಂಜಾನಿನೂ ಒಂದಽ?”

“ಹೌದ್ರಿ ಕಾಕಾ.”

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಬೈಯಲು ಬೇಕಾದ ಉಸಿರನ್ನು ಅವರು ಬೇರೆ ಕಡೆ ಖರ್ಚು ಮಾಡಿದರು. “ಸಾಕ್ಷಿಯ ಒಂದ ತುದಿ ಬ್ಯಾಟರಿಯ ಕೂಡಿಸೂ ಗುರ್ತಿನ ಕೊಂಬಿಗಿ ಇರ್ಲಿ. ಇನ್ನೊಂದ ಮೋಟರಿನ ಮೈಗಿ ಹಿಡಿ. ಬಣ್ಣ ಕೆರದ ಹಿಡಿ. ತಿರುವು.”

ಹಿಡಿದೆ. ದೀಪ ಉರಿಯಿತು. ಚಾವಿ ತಿರುವಿದೆ. ಟಕ್ ಅನ್ನುವುದರ ಜೊತೆಗೇ ದೀಪ ಪೂರಾ ಆರಿತು.

“ಆರತ್ರಿ.”

“ಬರೂ ಹಾದಿ,” ಎಂದರು. “ಬರೂ ಹಾದಿ ಕಟ್ಟೈತಿ. ಅರ್ಥಿಂಗ್ ವಾಯರಿನ ಬೋಲ್ಟ ಬಿಚ್ಚು. ತಳಕ ಏನೈತಿ ಹೇಳು.”

ಬಿಚ್ಚಿದೆ. ತಳಕ್ಕೆ ನನ್ನ ಬೆಳ್ಳಿಬಣ್ಣ ಇತ್ತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇಷ್ಟು ದಿನ ಬೋಲ್ಟಿನ ತಿರುಪುಗಳ ಮೂಲಕ ಹೇಗೋ ನುಸುಳಿ ಮನೆಗೆ ಮರಳುತ್ತಿದ್ದ ಕರೆಂಟಿಗೆ, ಮಳೆನೀರಿಗೆ ಆ ತಿರುಪುಗಳೂ ತುಕ್ಕು ಹಿಡಿದು, ದಾರಿ ಮುಚ್ಚಿತ್ತು. ಸಣ್ಣ ಟಕ್ ಅನ್ನುವಷ್ಟು ಹಾಯುತ್ತಿತ್ತು, ಮೋಟರು ತಿರುಗಿಸುವಷ್ಟು ಹಾಯುತ್ತಿರಲಿಲ್ಲ.

“ಬಣ್ಣ ಐತ್ರಿ ಕಾಕಾ. ನಾನಽ ಬಳದಿದ್ದೆ ರೀ.”

“ಕೆರಿ,” ಎಂದರು. ಅಷ್ಟೇ.

ಕೆರೆಯಲು ಐದು ನಿಮಿಷ ಹಿಡಿಯಿತು. ಐದೇ ನಿಮಿಷ. ಮೋಟರು ಮೊದಲ ಚಾವಿಗೇ ಎದ್ದಿತು.

ಆಚೆ ದಂಡೆ ಮುಟ್ಟಿ ಅವರನ್ನು ಹೊರಸಿನ ಸಮೇತ ಬೋಟಿಗೆ ಇಳಿಸಿಕೊಂಡೆವು. ಮುಖ ಊದಿ ಕಣ್ಣುಗಳು ಸಣ್ಣಗಾಗಿದ್ದವು, ಜಡ್ಡು ಮಾತ್ರ ಇದ್ದ ಹಾಗೇ ಇತ್ತು. ನಡುಹೊಳೆಯಲ್ಲಿ ಅವರ ಕೈ ತಡಕಾಡಿತು. ಕಾಕಿಗೆ ಅರ್ಥವಾಗಿ ಅವರ ತಲೆಯನ್ನು ತುಸು ಹೊರಳಿಸಿ ಎಡಗೆನ್ನೆಯನ್ನು ಹೊರಸಿನ ಕಟ್ಟಿಗೆಗೆ ಒತ್ತಿದಳು. ಮೋಟರಿನ ನಡುಕ ಬೋಟಿಗೆ, ಬೋಟಿನದು ಹೊರಸಿಗೆ, ಹೊರಸಿನದು ಅವರ ಎಲುಬಿಗೆ. ಕೇಳುತ್ತ ಬಂದರು. ನನಗೆ ಏನೋ ಹೇಳಿದ ಹಾಗೆ ತುಟಿ ಅಲ್ಲಾಡಿತು. ಮೋಟರಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಎಲ್ಲರ ಮಾತನ್ನೂ ಹಿಡಿದಿಟ್ಟ ಟೇಪು ಅದೊಂದನ್ನು ಹಿಡಿಯಲಿಲ್ಲ.

ನಾನು ಬೋಟಿನ ಹತ್ತಿರ ಉಳಿದೆ, ಅವರನ್ನು ಹೊತ್ತ ಜೀಪು ಅಥಣಿ ದಾಟಿತು. ಕಾಗವಾಡ ಇನ್ನೂ ಮುಂದಿತ್ತು, ಮಿರಜ ಅದರಾಚೆ. ಕಾಗವಾಡ ಬರುವ ಮುಂಚೆಯೇ ಕಾಕಿ ಡ್ರೈವರನ ಭುಜ ಮುಟ್ಟಿ, “ಇನ್ನ ಅವಸರ ಬ್ಯಾಡೋ ಯಪ್ಪಾ,” ಎಂದಳಂತೆ.

ಎರಡು ತಾಸು ಮೊದಲು ಹೋಗಿದ್ದರೆ ಉಳಿಯುತ್ತಿದ್ದರೇ? ಅವರ ತಂಗಿಯ ಮಗ, “ಎರಡ ಪಾಳಿ ತಪ್ಪಿದ್ದೂ, ಹೆಂಗೂ ಉಳೀತಿದ್ದಿಲ್ಲ ಬಿಡು,” ಎಂದ. ಒಳ್ಳೆಯ ಮನುಷ್ಯ. ಅವನು ಹಾಗೆಂದದ್ದನ್ನು ನಾನು ಅವನ ಧ್ವನಿಯಲ್ಲೇ ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನನ್ನ ಧ್ವನಿಯಲ್ಲಿ ಹೇಳಲು ಹೋದರೆ ನಿಲ್ಲುವುದಿಲ್ಲ. ಈ ಲೆಕ್ಕಕ್ಕೆ ಹಚ್ಚಿ ನೋಡಲು ಯಾವ ಸಾಕ್ಷಿಯೂ ಇಲ್ಲ.

ನೀರು ಇಳಿದ ಮೇಲೆ ಆಚೆ ದಂಡೆಗೆ ಹೋದೆ. ಕಾಕಾನನ್ನು ಕರೆತಂದ ಮೇಲೆ ಹೊಳೆ ಮತ್ತೆ ಏರಿ ಮನೆಯೊಳಗೂ ನುಗ್ಗಿತ್ತು, ಗೋಡೆಗಳ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ ಇತ್ತು. ಕಾಕಿ ಒದ್ದೆ ಗೋಣಿಚೀಲಗಳನ್ನು ಬಿಸಿಲಿಗೆ ಹರವುತ್ತಿದ್ದಳು. ನಾನು ಅಲ್ಲೇ ಕೂತು ಎಲ್ಲ ಹೇಳಿದೆ. ಟಕ್, ಟರ್‌ಟರ್, ಬಣ್ಣ, ಎರಡು ತಾಸು. ಅವಳು ಚೀಲ ಹರವುವುದನ್ನು ನಿಲ್ಲಿಸಲಿಲ್ಲ.

“ನನಗ್ಯಾಕ ಹೇಳತಿ? ಫೋನ ಹಿಡದಾಕಿ ನಾನಽ ಅಲ್ಲೇನು?” ಎಂದಳು. “ಎಲ್ಲಾ ಕೇಳೇನಿ.”

ಕೊನೆಯ ಚೀಲ ಹರವಿ ನನ್ನೆದುರಿಗೆ ಕೂತಳು.

“ನೀ ಮೊದಲ ಕೂಗಿದೆಲಾ, ಕಪ್ಪಿ ಹಂಗ. ನಕ್ಕರು. ಎಂಟ ದಿನದಾಗ ನಕ್ಕಿದ್ದಿಲ್ಲ. ಅದಽ ಕಡೀದು.” ಸೆರಗಿನಿಂದ ಕೈ ಒರೆಸಿಕೊಂಡಳು. “ಅದನ್ನ ಇನ್ನೊಮ್ಮೆ ಕೂಗು.”

ನಾನು ಗಂಟಲು ಸರಿಮಾಡಿಕೊಂಡೆ. ಆ ಕೂಗು ನನಗೆ ಉಸಿರಾಡಿದಷ್ಟು ಸಲೀಸು. ಬಾಯಿ ತೆರೆದೆ. ನಾಲಿಗೆ ಅಂಗುಳಕ್ಕೆ ಬಡಿದು ಟಕ್ ಎಂದಿತು. ಮತ್ತೆ ತೆರೆದೆ. ಮತ್ತೆ ಅದೇ. ಕಾಕಿ ತಲೆಯನ್ನು ತುಸು ಓರೆ ಮಾಡಿ, ಅವರು ಕೇಳುತ್ತಿದ್ದ ಹಾಗೆಯೇ, ಕಾಯುತ್ತ ಕೂತಿದ್ದಳು.